ಎಂಟು ಮೂಲೆಯ ಬಿಲ್ಲೆ

ಮಧುಗಿರಿ
4-6-1979

ಶ್ರೀ ನಾಗಲಿಂಗಯ್ಯನವರಿಗೆ ನಮಸ್ಕಾರಗಳು.

ನೀವು ನನ್ನನ್ನು ಕಂಡವರಲ್ಲ. ನಾನು ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಸ್ಟಾಫ್ ರೂಮಿಗೆ ಯಾರೋ ತಂದಿಟ್ಟ ಇಂಗ್ಲಿಷ್ ವಾರಪತ್ರಿಕೆಯ ಕೊನೆಯ ಪುಟದಲ್ಲಿ ನಿಮ್ಮ ಜಾಹೀರಾತು ನೋಡಿದೆ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮಾತ್ರ ಕೊಂಡು ಮಾರುತ್ತೀರಂತೆ, ಬೇರೆ ಕಾರಿನವರು ಬರೆಯಬಾರದಂತೆ. ಕೆಳಗೆ ನಾಗಲಿಂಗಯ್ಯ ಎಂಬ ಹೆಸರು. ಮುಂಬಯಿಯಲ್ಲಿ ಈ ಹೆಸರಿನವರು ನಮ್ಮ ಕಡೆಯವರೇ ಇರಬೇಕೆಂದು ಧೈರ್ಯ ಮಾಡಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಲ್ಲವಾದರೆ ಯಾರಿಂದಲಾದರೂ ಓದಿಸಿಕೊಳ್ಳಿ.

ನನ್ನ ತಂದೆ ರೇಣುಕಯ್ಯನವರು ದನದ ಡಾಕ್ಟರಾಗಿದ್ದರು. ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರ ಬಳಿ ಎಂ.ಜಿ. ಎಂಬ ಎರಡು ಸೀಟಿನ ಕೆಂಪು ಕಾರು ಇತ್ತು. 1947ರದು. ತಲೆಯ ಮೇಲೆ ಸೂರಿಲ್ಲ, ಮುಂದಿನ ಗಾಜು ಮಡಚಿ ಮಲಗಿಸಬಹುದು, ಚಕ್ರಕ್ಕೆಲ್ಲ ಸೈಕಲ್ಲಿನ ಹಾಗೆ ಕಡ್ಡಿಗಳು. ಆಗ ಅಪ್ಪ ಬೆಂಗಳೂರು ದಂಡಿನಲ್ಲಿ ಕೆಲಸದಲ್ಲಿದ್ದರು. ಒಬ್ಬ ಇಂಗ್ಲಿಷ್ ಮೇಜರನ ಕುದುರೆಯನ್ನು ಸಾವಿನ ಬಾಯಿಂದ ಉಳಿಸಿದರಂತೆ. ಆತ ದೇಶ ಬಿಟ್ಟು ಹೋಗುವಾಗ ಕಾರನ್ನು ಇವರಿಗೆ ಕೊಟ್ಟು ಹೋದನಂತೆ. ಆ ಕಾರಿನಲ್ಲೇ ಅಪ್ಪ ಮೂವತ್ತು ವರ್ಷ ಮಧುಗಿರಿ, ಸಿರಾ, ಕೊರಟಗೆರೆಗಳ ಹಳ್ಳಿ ಹಳ್ಳಿ ಸುತ್ತಿದರು. ಎಡಗಡೆ ಸೀಟಿನಲ್ಲಿ ಲಸಿಕೆಯ ಪೆಟ್ಟಿಗೆ, ಇಲ್ಲವೇ ಜ್ವರ ಬಂದ ಟಗರು, ಎರಡೂ ಇಲ್ಲದ ದಿನ ನಾನು.

ನನಗೆ ಡ್ರೈವಿಂಗ್ ಬರುವುದಿಲ್ಲ. ನನಗೆ ಪಾವಗಡಕ್ಕೆ ವರ್ಗವಾಗುವ ಸುದ್ದಿಯಿದೆ, ಈ ಬಾಡಿಗೆ ಮನೆ ಬಿಡಬೇಕು. ಶೆಡ್ಡಿನಲ್ಲಿ ಪಕ್ಕದ ಮನೆಯ ಕೋಳಿಗಳು ಕಾರಿನ ಸೀಟಿನ ಮೇಲೆ ಮೊಟ್ಟೆ ಇಡುತ್ತಿವೆ. ಬಿಡಿಭಾಗ ಮಾಡಿ ಮಾರುವವರಿಗೆ ಕೊಡಲು ಮನಸ್ಸಿಲ್ಲ. ಓಡಿಸುವವರು ಸಿಕ್ಕರೆ ತಿಳಿಸಿ.

ಇಂತು,
ಆರ್. ಸರ್ವಮಂಗಳಾ


ಮುಂಬಯಿ
15-6-1979

ಸರ್ವಮಂಗಳಾ ಅವರಿಗೆ,

ಅಮ್ಮಾ, ನಿಮ್ಮ ಪತ್ರ ಬಂದ ದಿನ ಗ್ಯಾರೇಜಿನ ಕೆಲಸ ನಿಲ್ಲಿಸಿ ಎರಡು ಸಲ ಓದಿದೆ. ನಾನು ಪಾವಗಡ ತಾಲ್ಲೂಕಿನವನು, ನಾಗಲಮಡಿಕೆ ಪಕ್ಕದವನು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಇಲ್ಲಿ ಮೂವತ್ತೊಂದು ವರ್ಷದಿಂದ ಹಿಂದಿ. ಮೂರನ್ನೂ ಕಲಸಿ ಮಾತಾಡುತ್ತೇನೆ. ತಪ್ಪಿದ್ದರೆ ಟೀಚರಮ್ಮನವರು ಮನ್ನಿಸಬೇಕು.

ನನ್ನ ವ್ಯಾಪಾರ ಚಿಕ್ಕದು. ವರ್ಷಕ್ಕೆ ನಾಲ್ಕೈದು ಕಾರು. ಇಂಥ ಕಾರು ಕೊಳ್ಳುವವರು ಊರಿಂದೂರಿಗೆ ಹೋಗಲು ಕೊಳ್ಳುವವರಲ್ಲ, ಅದರ ಮೇಲೆ ಪ್ರಾಣ ಇಟ್ಟವರು. ಕೊಯಮತ್ತೂರಿನಲ್ಲಿ ಒಬ್ಬ ಗಿರಣಿ ಮಾಲೀಕರು ಆರು ವರ್ಷದಿಂದ ಇದೇ ಎಂ.ಜಿ. ಕೇಳುತ್ತಿದ್ದಾರೆ. ಭಾನುವಾರ ಸ್ವಂತ ಓಡಿಸುವ ಮನುಷ್ಯ. ಆದರೆ ಅವರಿಗೆ ಕಾರು ಹುಟ್ಟಿದ ಹಾಗೇ ಇರಬೇಕು.

ನನಗೆ ಬೇಕಾದದ್ದು: ಕಾರಿನ ಫೋಟೋ, ಆರ್.ಸಿ. ಪುಸ್ತಕ, ಚಾಸಿಯ, ಅಂದರೆ ಕಾರಿನಡಿಯ ಉಕ್ಕಿನ ಚೌಕಟ್ಟಿನ, ಮುಂದಿನ ಮೂತಿಯ ಮೇಲೆ ಕೊರೆದ ನಂಬರು. ಎಲ್ಲಕ್ಕಿಂತ ಮುಖ್ಯ, ಬಾನೆಟ್ ಎತ್ತಿದರೆ ಎಂಜಿನ್ನಿನ ಮಗ್ಗುಲಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಎಂಟು ಮೂಲೆಯ ಹಿತ್ತಾಳೆ ಬಿಲ್ಲೆ ಇರುತ್ತದೆ. ಅದರ ಮೇಲೆ ಎಂಜಿನ್ ನಂಬರು. ಬಿಲ್ಲೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತವೆ. ಅದನ್ನು ಕಳಿಸಿ.

ಒಂದು ಮಾತು. ಕಾರನ್ನು ತೊಳೆಯಬೇಡಿ, ಬಣ್ಣ ಹೊಡೆಸಬೇಡಿ, ಏನು ಅಂಟಿದ್ದರೂ ಒರೆಸಬೇಡಿ. ಕೋಳಿಗಳನ್ನು ಮಾತ್ರ ದಯವಿಟ್ಟು ಓಡಿಸಿ.

ನಿಮ್ಮವ,
ನಾಗಲಿಂಗಯ್ಯ


ಮಧುಗಿರಿ
2-7-1979

ನಾಗಲಿಂಗಯ್ಯನವರಿಗೆ ವಂದನೆಗಳು.

ನಿಮ್ಮ ಪತ್ರ ಕಂಡು ನನಗೆ ಎಷ್ಟು ನೆಮ್ಮದಿಯಾಯಿತು ಎಂದರೆ, ಅದರಲ್ಲಿದ್ದ ಏಳು ತಪ್ಪುಗಳನ್ನು ತಿದ್ದದೆ ಬಿಟ್ಟಿದ್ದೇನೆ.

ನಾಲ್ಕು ಫೋಟೋ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಅಡ್ಡ ಬಂದಿರುವುದು ನಮ್ಮ ಮನೆ ಮಾಲೀಕರ ಎಮ್ಮೆ. ಟೈರು ನಾಲ್ಕೂ ಸೀಳಿವೆ, ಹಿಂದೆ ಕಟ್ಟಿರುವ ಸ್ಟೆಪ್ನಿ ಚೆನ್ನಾಗಿದೆ. ಹಾರ್ನ್ ಈಗಲೂ ಕೂಗುತ್ತದೆ. ಕೋಳಿಗಳನ್ನು ಓಡಿಸಿದ್ದೇನೆ, ಒಂದು ಕರಿ ಕೋಳಿ ಮಾತ್ರ ಕೋರ್ಟಿಗೆ ಹೋಗುವ ಮಟ್ಟಿಗೆ ಹಟ ಹಿಡಿದಿದೆ. ಆರ್.ಸಿ. ಪುಸ್ತಕಕ್ಕೆ ಗೆದ್ದಲು ಹತ್ತಿ ಅಪ್ಪನ ಹೆಸರಿನ ಅರ್ಧ ಬಿಟ್ಟು ಉಳಿದದ್ದೆಲ್ಲ ಮಣ್ಣಾಗಿದೆ. ಚಾಸಿಯ ಮೂತಿಯ ನಂಬರೂ ಇಲ್ಲ. ನಾನು ಚಿಕ್ಕವಳಿದ್ದಾಗ ಕೊರಟಗೆರೆಯಿಂದ ಸಿದ್ದರಬೆಟ್ಟದ ಕಡೆ ಹೋಗುವಾಗ ಬಂಡೆಗೆ ಗುದ್ದಿ ಆ ಭಾಗಕ್ಕೆ ವೆಲ್ಡಿಂಗ್ ಮಾಡಿಸಿದ್ದರು. ವೆಲ್ಡಿಂಗ್ ಮಾಡಿದವನು ನಂಬರಿನ ಮೇಲೇ ದಪ್ಪ ತೇಪೆ ಹಾಕಿದ್ದಾನೆ. ಅಪ್ಪನ ಹಣೆಯ ಮೇಲೂ ಆ ಬಂಡೆಯ ಗುರುತು ಕೊನೆಯವರೆಗೂ ಇತ್ತು.

ಕೊಯಮತ್ತೂರಿನವರಿಗೆ ಮಕ್ಕಳಿದ್ದಾರೆಯೇ? ಎಡಗಡೆ ಸೀಟು ಖಾಲಿ ಇರಬಾರದು ಎಂದು ಕೇಳಿದೆ.

ಸರ್ವಮಂಗಳಾ


ಮುಂಬಯಿ
12-7-1979

ಅಮ್ಮಾ,

ಫೋಟೋ ನೋಡಿ ಕೊಯಮತ್ತೂರಿನವರು ಟ್ರಂಕ್ ಕಾಲ್ ಮಾಡಿ ಹತ್ತು ನಿಮಿಷ ಮಾತಾಡಿದರು. ಎಮ್ಮೆ ಕೂಡ ಅವರಿಗೆ ಹಿಡಿಸಿದೆ. ಇಬ್ಬರು ಮೊಮ್ಮಕ್ಕಳಿದ್ದಾರೆ, ಎಡಗಡೆ ಸೀಟಿಗೆ ಜಗಳವೇ ಆಗುತ್ತದೆ.

ನೀವು ಟೈರು ಬರೆದಿರಿ, ಹಾರ್ನ್ ಬರೆದಿರಿ, ಕರಿ ಕೋಳಿ ಬರೆದಿರಿ. ಎಂಟು ಮೂಲೆಯ ಬಿಲ್ಲೆಯ ಬಗ್ಗೆ ಒಂದಕ್ಷರ ಇಲ್ಲ. ಮರೆತಿರಿ ಅಂದುಕೊಳ್ಳುತ್ತೇನೆ. ಆರ್.ಸಿ. ಇಲ್ಲ, ಚಾಸಿ ನಂಬರು ಇಲ್ಲ ಅಂದಮೇಲೆ ಈ ಕಾರಿಗೆ ಸಾಕ್ಷಿ ಅದೊಂದೇ.

ನಾಗಲಿಂಗಯ್ಯ


ಮಧುಗಿರಿ
30-7-1979

ಶ್ರೀ ನಾಗಲಿಂಗಯ್ಯನವರಿಗೆ,

ಬಿಲ್ಲೆ ಇಲ್ಲ.

ಇಲ್ಲದ್ದನ್ನು ಉಜ್ಜಿ ಕಳಿಸುವುದು ಹೇಗೆಂದು ಬರೆಯಲಿಲ್ಲ, ಅಷ್ಟೆ. ಅಂಗೈಯಗಲದ ಒಂದು ಹಿತ್ತಾಳೆ ತುಂಡಿಲ್ಲದಿದ್ದರೆ ಇಡೀ ಕಾರು ಇಲ್ಲವಾಗುವುದಿಲ್ಲ ಎಂದು ನನ್ನ ಗಣಿತ ಹೇಳುತ್ತದೆ. ಕಳೆದ ವಾರ ತುಮಕೂರಿನಿಂದ ಒಬ್ಬ ಬ್ರೋಕರ್ ಬಂದಿದ್ದ. ಅವನೂ ಮೊದಲು ಹೊಗಳಿದ, ಆಮೇಲೆ ಒಂದೊಂದೇ ಕೊರತೆ ಎತ್ತಿ ಬೆಲೆ ಇಳಿಸಿದ. ದೊಡ್ಡ ಊರಿನವರು ಅದನ್ನೇ ನಯವಾಗಿ ಮಾಡುತ್ತಾರೆಂದು ಈಗ ತಿಳಿಯಿತು. ಬೆಲೆ ಇಳಿಸಬೇಕಿದ್ದರೆ ನೇರವಾಗಿ ಬರೆಯಿರಿ, ಸುತ್ತಿ ಬಳಸುವುದು ಬೇಡ.

ಆರ್. ಸರ್ವಮಂಗಳಾ


ಮುಂಬಯಿ
9-8-1979

ಶ್ರೀಮತಿಯವರಿಗೆ,

ನೇರವಾಗಿ ಬರೆಯುತ್ತೇನೆ. 1947ರ ಡಿಸೆಂಬರಿನಲ್ಲಿ ಬೆಂಗಳೂರು ದಂಡಿನಲ್ಲಿ ಒಂದು ಕೆಂಪು ಎಂ.ಜಿ. ಕಳುವಾಗಿತ್ತು. ಎರಡು ಸೀಟು, ಇದೇ ಮಾದರಿ. ಸಿಗಲೇ ಇಲ್ಲ. ಹಳೆಯ ಕಾರಿನ ವ್ಯಾಪಾರಿಗಳೆಲ್ಲರ ಬಳಿ ಇಂಥ ಕಾರುಗಳ ಪಟ್ಟಿ ಇರುತ್ತದೆ. ಅದರಲ್ಲಿ ಆ ಕಾರಿನ ಎಂಜಿನ್ ನಂಬರು ಇದೆ. ಕೊಯಮತ್ತೂರಿನವರ ಬಳಿಯೂ ಆ ಪಟ್ಟಿ ಇದೆ. ಇದು ಅದೇ ಕಾರೇ ಅಂತ ಕೇಳಿದರು, ವಿಚಾರಿಸಿ ತಿಳಿಸುತ್ತೇನೆ ಅಂದೆ.

ನಿಮ್ಮ ಕಾರು ಅದೇ ಊರಿನಿಂದ ಅದೇ ಕಾಲಕ್ಕೆ ಬಂದಿದೆ. ಹೊಸ ಕಾರನ್ನು ಒಂದು ಕುದುರೆಗಾಗಿ ಬಿಟ್ಟುಕೊಡುವವರನ್ನು ನಾನು ಕಂಡಿಲ್ಲ. ಗುರುತು ಹೇಳುವ ಮೂರೂ ಕಾಣೆ.

ಬಿಲ್ಲೆ ಸಿಕ್ಕರೆ ಉಜ್ಜಿ ಕಳಿಸಿ. ಪಟ್ಟಿಯಲ್ಲಿರುವ ನಂಬರು ಯಾವುದೆಂದು ನಾನು ಬರೆಯುವುದಿಲ್ಲ.

ನಾಗಲಿಂಗಯ್ಯ


ಮಧುಗಿರಿ
21-9-1979

ನಾಗಲಿಂಗಯ್ಯನವರೇ,

ಆರು ವಾರ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ನಂಬರು ಬರೆಯುವುದಿಲ್ಲ ಎಂದಿರಿ. ಯಾಕೆಂದು ನನಗೆ ಅರ್ಥವಾಗದೆ ಇಲ್ಲ. ಬರೆದರೆ ನಾನು ಬೇರೊಂದು ನಂಬರು ಕೊರೆಸಿ ಉಜ್ಜಿ ಕಳಿಸಬಹುದು ಎಂಬ ಅನುಮಾನ. ನನ್ನ ಅಪ್ಪ ಸರ್ಕಾರಿ ಲಸಿಕೆಯ ಖಾಲಿ ಬಾಟಲಿ ಕೂಡ ಮನೆಗೆ ತಂದವರಲ್ಲ. ಅವರನ್ನು ಕಳ್ಳ ಎಂದಿರಿ, ನನ್ನನ್ನು ಕಳ್ಳನ ಮಗಳು ಎಂದಿರಿ, ಅದನ್ನೂ ಆ ಪದವನ್ನೇ ಬಳಸದೆ ಅಂದಿರಿ.

ಕಾರು ಮಾರಾಟಕ್ಕಿಲ್ಲ. ಕೋಳಿಗಳಿಗೇ ಇರಲಿ. ಫೋಟೋಗಳನ್ನು ವಾಪಸು ಕಳಿಸಿ.

ಸರ್ವಮಂಗಳಾ

ಮರೆತಿದ್ದೆ: ನಿಮ್ಮ ಪತ್ರ ಬಂದ ಮೇಲೆ ಬಾನೆಟ್ ಎತ್ತಿ ನೋಡಿದೆ. ಬಿಲ್ಲೆ ಇದ್ದ ಕಡೆ ಎರಡು ಪುಟ್ಟ ತೂತುಗಳಿವೆ. ಅವುಗಳಿಗೆ ಯಾರೋ ಜೇನುಮೇಣ ತುಂಬಿ ನೀಟಾಗಿ ಒರೆಸಿದ್ದಾರೆ. ಇದನ್ನು ಯಾಕೆ ಬರೆಯುತ್ತಿದ್ದೇನೋ ತಿಳಿಯದು.


ಮುಂಬಯಿ
3-10-1979

ಅಮ್ಮಾ,

ಫೋಟೋ ಕಳಿಸುತ್ತಿಲ್ಲ. ಬೈಯಬೇಕಿದ್ದರೆ ಇದನ್ನು ಓದಿದ ಮೇಲೆ ಬೈಯಿರಿ.

1968ರಲ್ಲಿ ನನ್ನದು ಇಲ್ಲಿ ದೊಡ್ಡ ಅಂಗಡಿ. ಒಬ್ಬರ ಕಾರಿನ ಬಿಲ್ಲೆ ಕಳೆದಿತ್ತು, ಗಿರಾಕಿ ಅವಸರ ಮಾಡಿದರು. ಒಂದು ಹಿತ್ತಾಳೆ ತುಂಡು ತಂದು ನನ್ನ ಕೈಯಾರೆ ನಂಬರು ಕೊರೆದು ಕೂರಿಸಿದೆ. ಕೈ ಚೆನ್ನಾಗಿತ್ತು, ಆರು ತಿಂಗಳು ಯಾರಿಗೂ ತಿಳಿಯಲಿಲ್ಲ. ತಿಳಿದ ದಿನ ಅಂಗಡಿ ಹೋಯಿತು, ಪಾಲುದಾರ ಹೋದ. ವ್ಯಾಪಾರದವರು ನಾನು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ನಡೆಯುತ್ತಿದ್ದರು. ಊರಿಗೆ ಬರಲು ನಾಚಿಕೆಯಾಗಿ ಐದು ವರ್ಷ ಬರಲಿಲ್ಲ. ಈಗಿನದು ಒಂದು ಸಣ್ಣ ಶೆಡ್ಡು. ಆವತ್ತಿನಿಂದ ಬಿಲ್ಲೆಯನ್ನು ಕಣ್ಣಾರೆ ನೋಡದೆ ಯಾವ ಕಾರನ್ನೂ ಮುಟ್ಟಿಲ್ಲ. ನಂಬರು ಬರೆಯದಿದ್ದದ್ದು ನಿಮ್ಮ ಮೇಲಿನ ಅನುಮಾನಕ್ಕಲ್ಲ. ಅಂಥ ಆಸೆ ಒಂದು ಗಳಿಗೆಯಲ್ಲಿ ಹೇಗೆ ಬರುತ್ತದೆ ಅಂತ ನನಗೆ ಗೊತ್ತು. ಇದನ್ನು ಮೊದಲೇ ಹೇಳಬೇಕಿತ್ತು.

ಈಗ ನೀವು ಮರೆತು ಬರೆದ ಮಾತು. ಕದ್ದ ಕಾರಿನ ಬಿಲ್ಲೆ ಕೀಳುವವನು ಉಳಿ ಹಾಕಿ ಎಬ್ಬಿಸುತ್ತಾನೆ, ಕಬ್ಬಿಣ ಗೀಚಿ ಹೋಗಿರುತ್ತದೆ. ತೂತಿಗೆ ಜೇನುಮೇಣ ತುಂಬಿ ಒರೆಸುತ್ತಾ ಕೂರುವುದಿಲ್ಲ. ನಿಮ್ಮ ತಂದೆ ಅದನ್ನು ಬಿಡುವು ಮಾಡಿಕೊಂಡು, ಕಾರಿಗೆ ನೋವಾಗದ ಹಾಗೆ ಬಿಚ್ಚಿದ್ದಾರೆ. ಹಾಗೆ ಬಿಚ್ಚಿದ್ದನ್ನು ಬಿಸಾಡಿರುವುದಿಲ್ಲ. ಅವರ ಕಾಗದಪತ್ರ, ಡೈರಿ ಏನಿದ್ದರೂ ತೆಗೆದು ನೋಡಿ.

ನಾಗಲಿಂಗಯ್ಯ


ಮಧುಗಿರಿ
29-10-1979

ನಾಗಲಿಂಗಯ್ಯನವರಿಗೆ ನಮಸ್ಕಾರ.

ಈ ಪತ್ರದ ಜೊತೆ ಮಡಚಿಟ್ಟ ಕಾಗದವಿದೆ. ಅದನ್ನು ಈಗಲೇ ಬಿಚ್ಚಬೇಡಿ. ಮೊದಲು ಇದನ್ನು ಓದಿ.

ಅಪ್ಪ ಹಳ್ಳಿಗೆ ಹೋದಾಗಲೆಲ್ಲ ಬರೆಯುತ್ತಿದ್ದ ಸಣ್ಣ ನೋಟುಪುಸ್ತಕಗಳು ಒಂದು ಟ್ರಂಕಿನ ತುಂಬ ಇದ್ದವು. ದೀಪಾವಳಿ ರಜೆಯಲ್ಲಿ ಕೂತು ಇಪ್ಪತ್ತಾರು ಪುಸ್ತಕ ಓದಿದೆ. 1961ರದರಲ್ಲಿ ಒಂದು ಕಡೆ ಹೀಗಿತ್ತು: ‘ತಾವರೆಕೆರೆ ಹೋಬಳಿ, ಹುಚ್ಚಣ್ಣನ ತಂದೆಯ ಹಟ್ಟಿ. ಕುರಿ ಸಿಡುಬು. 412 ಕುರಿಗೆ ಲಸಿಕೆ. ಒಂದನ್ನೂ ಬಿಡಲಿಲ್ಲ. ಬಿಲ್ಲೆ ಕೊಟ್ಟೆ.’ ಅಷ್ಟೆ. ಅದರ ಮುಂದೆ ಏನೋ ಬರೆದು ಶಾಯಿಯಿಂದ ಹೊಡೆದು ಹಾಕಿದ್ದಾರೆ.

ಮರುದಿನವೇ ಸಿರಾ ಬಸ್ಸು ಹತ್ತಿದೆ. ತಾವರೆಕೆರೆಯಲ್ಲಿ ಇಳಿದು ಎರಡು ಮೈಲಿ ನಡೆದೆ. ಹುಚ್ಚಣ್ಣ ಈಗ ಐವತ್ತು ದಾಟಿದ ಕುರಿಗಾರ. ಅವನ ತಾಯಿ ಕ್ಯಾತಮ್ಮ ಬಾಗಿಲಲ್ಲಿ ಕೂತು ಕಂಬಳಿಗೆ ನೂಲು ತೆಗೆಯುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಕದಿರು ಕೆಳಗಿಟ್ಟಳು.

“ಡಾಕ್ಟ್ರು ಮಗಳಾ? ಆ ಕೆಂಪು ಕಾರ್ನಾಗೆ ಟಗರು ಪಕ್ದಾಗೆ ಕುಂತ್ಕಂಡು ಬತ್ತಿದ್ಯಲ್ಲ, ಆ ಮಗೀನಾ?”

ಹಟ್ಟಿಯ ಹಿಂದೆ ಕುರಿ ಕೂಡುವ ರೊಪ್ಪ. ಅದರ ಬಾಗಿಲಿನ ಮೇಲ್ಗಡೆ ಮರಕ್ಕೆ ಏನೋ ಕೆಂಪಗೆ ಗಂಟು ಕಟ್ಟಿದಂತೆ ಅಂಟಿತ್ತು. ಹದಿನೆಂಟು ವರ್ಷದ ಕುಂಕುಮ, ಹರಳೆಣ್ಣೆ. ಅದರ ಅಂಚಿನಲ್ಲಿ ನಾನು ಮೂಲೆಗಳನ್ನು ಎಣಿಸಿದೆ. ಎಂಟು.

ಹುಚ್ಚಣ್ಣ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. “ಆ ವರ್ಸ ಕುರಿಗೆ ಅಮ್ಮ ಬಂದಿದ್ಲು ಕಣಮ್ಮ. ದಿನಕ್ಕೆ ಇಪ್ಪತ್ತು ಕುರಿ ಬೀಳ್ತಿದ್ವು. ಸೂಜಿ ಚುಚ್ಚಿದ್ರೆ ಅಮ್ಮ ಇನ್ನೂ ಮುನಿಸ್ಕಂತಾಳೆ ಅಂತ ನಮ್ಮಪ್ಪ ಮುಟ್ಟಾಕೇ ಬುಡ್ಲಿಲ್ಲ. ಡಾಕ್ಟ್ರು ಮೂರು ದಿನ ಬಂದ್ರು, ಮೂರು ದಿನಾನೂ ವಾಪಸ್ ಕಳಿಸ್ಬುಟ್ವಿ. ನಾಕನೇ ದಿನ ಬಂದೋರು ಸೂಜಿ ಪೆಟ್ಟಿಗೆ ಕೆಳಗಿಟ್ರು. ಕಾರಿನ ಮುಂದ್ಲ ಬಾಗ್ಲು ಎತ್ತಿ, ತಿರುಪುಳಿ ತಕಂಡು, ಮೈಯಾಗಿಂದ ಇದನ್ನ ಬಿಚ್ಚಿದ್ರು. ‘ತಗಳ್ರಪ್ಪ, ಎಂಟು ದಿಕ್ಕಿಗೂ ಎಂಟು ಮೂಲೆ ಐತೆ. ರೊಪ್ಪದ ಬಾಗ್ಲಿಗೆ ಹೊಡೀರಿ. ಆದ್ರೆ ಇದರ ಅಡೀನಾಗೆ ಹಾಯೋ ಒಂದೊಂದು ಕುರೀಗೂ ಸೂಜಿ ಬೀಳ್ಬೇಕು. ಇಲ್ದಿದ್ರೆ ಇದು ಬರೀ ಹಿತ್ತಾಳೆ’ ಅಂದ್ರು. ಅವತ್ತಿಂದ ವರ್ಸಾ ವರ್ಸಾ ಇದರಡೀಲೇ ಸೂಜಿ. ಒಂದು ಮರೀನೂ ಅಮ್ಮನಿಗೆ ಹೋಗಿಲ್ಲ.”

ಬಾಗಿಲ ಮೇಲೆ ಮಂತ್ರಿಸಿದ ಯಂತ್ರದ ತಗಡು ಹೊಡೆಯುವುದು ಇಲ್ಲಿಯವರಿಗೆ ಹೊಸದಲ್ಲ. ಅಪ್ಪ ಅದನ್ನು ಬಲ್ಲವರು. ಮನೆಯಲ್ಲಿ ಮಾತ್ರ ತಾಯಿತ ಕಟ್ಟಿಸಿಕೊಳ್ಳಲು ಒಪ್ಪದೆ ಅಜ್ಜಿಯ ಜೊತೆ ಜಗಳವಾಡಿದ ಮನುಷ್ಯ.

ನಾನು ಬಂದ ಕಾರಣ ಹೇಳಿದಾಗ ಕ್ಯಾತಮ್ಮ ಕೆರಳಿದಳು. “ಡಾಕ್ಟ್ರು ಕದ್ರು ಅಂದೋನು ಯಾವನೇ ಅವ್ನು? ಕರ್ಕಂಡ್ ಬಾ ಆ ಬೊಂಬಾಯೋನ್ನ ಇಲ್ಲಿಗೆ!” ಎಂದಳು. ಬಿಲ್ಲೆಯನ್ನು ತೊಳೆಯುವ ಪದ್ಧತಿಯೇ ಇಲ್ಲವಂತೆ. ಆದರೂ ತಾನೇ ಹುಣಸೆಹಣ್ಣು ಹಚ್ಚಿ, ಅಕ್ಷರ ಕಾಣುವಷ್ಟು ಮಾತ್ರ ಉಜ್ಜಿ ಕೊಟ್ಟಳು. ನಾನು ಸ್ಟೂಲಿನ ಮೇಲೆ ನಿಂತು ಕಾಗದ ಇಟ್ಟು ಪೆನ್ಸಿಲ್ ಆಡಿಸಿದೆ.

ಈಗ ನಾನು ಮುಚ್ಚಿಟ್ಟದ್ದು. ಹದಿನಾಲ್ಕು ವರ್ಷದವಳಿದ್ದಾಗ ಒಮ್ಮೆ ಬಾನೆಟ್ಟಿನೊಳಗೆ ಆ ತೂತುಗಳನ್ನು ನೋಡಿ “ಅಪ್ಪಾ, ಇಲ್ಲಿ ಏನಿತ್ತು?” ಎಂದೆ. ಅವರ ಮುಖ ಕೆಂಪಾಯಿತು. ಥಟ್ಟನೆ ಬಾನೆಟ್ ಮುಚ್ಚಿದರು. ಆಮೇಲೆ ಯಾವಾಗಲೋ ಅವರ ಸ್ನೇಹಿತರೊಬ್ಬರು ಈ ಕಾರಿಗೆ ‘ದಂಡಿನ ಕದ್ದ ಮಾಲು’ ಎಂದು ತಮಾಷೆ ಮಾಡಿದ್ದು ಕಿವಿಗೆ ಬಿತ್ತು. ಎರಡನ್ನೂ ನಾನೇ ಕೂಡಿಸಿಕೊಂಡೆ. ನಿಮ್ಮ ಮೇಲೆ ಅಷ್ಟು ಸಿಟ್ಟು ಬಂದದ್ದು ನೀವು ಅಂದದ್ದು ನನ್ನೊಳಗೇ ಇದ್ದುದರಿಂದ. ಹದಿನೇಳು ವರ್ಷ ನನ್ನ ತಂದೆಯನ್ನು ನಾನೇ ಅನುಮಾನಿಸಿದ್ದೇನೆ. ಅವರು ಬದುಕಿದ್ದಾಗ ಕೇಳಲಿಲ್ಲ.

ಕುರಿಗಳ ಕಥೆಯಿಂದ ಕಾರು ಕದ್ದದ್ದಲ್ಲ ಎಂದಾಗುವುದಿಲ್ಲ, ಗೊತ್ತು. ನಂಬರು ಹೊಂದಿದರೆ ಹೊಂದಿತು. ಈ ಕಾಗದವನ್ನು ಎರಡು ದಿನ ದೇವರ ಮುಂದೆ ಇಟ್ಟುಕೊಂಡು ಕೂತಿದ್ದೆ, ಕಳಿಸಲೋ ಬೇಡವೋ ಎಂದು. ಕಳಿಸುತ್ತಿದ್ದೇನೆ. ಏನಿದ್ದರೂ ಬೇಗ ತಿಳಿಸಿ.

ಸರ್ವಮಂಗಳಾ


ತಂತಿ
ಮುಂಬಯಿ, 7-11-1979

ನಂಬರು ಬೇರೆ. ಕಾರು ನಿಮ್ಮ ತಂದೆಯದೇ. ನಿಶ್ಚಿಂತೆಯಿಂದಿರಿ. ಪತ್ರ ಬರುತ್ತಿದೆ. ನಾಗಲಿಂಗಯ್ಯ.


ಮುಂಬಯಿ
8-11-1979

ಅಮ್ಮಾ,

ನಮ್ಮ ಪಾವಗಡದ ಕಡೆ ಎದೆಯ ಮೇಲಿನ ಭಾರ ಇಳಿದಾಗ ‘ಅಮ್ಮಯ್ಯ’ ಅನ್ನುತ್ತಾರೆ. ಕಾಗದ ಬಿಚ್ಚಿದವನು ಶೆಡ್ಡಿನ ನಡುವೆ ನಿಂತು ಅಷ್ಟು ಜೋರಾಗಿ ಅಮ್ಮಯ್ಯ ಅಂದೆ, ಪಕ್ಕದ ಟೀ ಅಂಗಡಿಯವನು ಓಡಿ ಬಂದ. ಅವನಿಗೆ ಏನು ಹೇಳಲಿ? ಕುರಿ ಬದುಕಿದವು ಅಂದೆ.

ಕಳುವಾದ ಕಾರಿನ ನಂಬರಿನ ಕೊನೆಯ ಅಂಕಿಗಳು 1906. ನಿಮ್ಮದು 4473. ಒಂದು ಅಂಕಿಯೂ ಹೊಂದುವುದಿಲ್ಲ. ಅಷ್ಟಕ್ಕೇ ಬಿಡಲಿಲ್ಲ ನಾನು. ಆ ವರ್ಷ ಮದ್ರಾಸಿನಲ್ಲಿ ಹಡಗಿನಿಂದ ಇಳಿದ ಕಾರುಗಳ ಪಟ್ಟಿ ಒಬ್ಬ ಹಳೆಯ ವ್ಯಾಪಾರಿಯ ಬಳಿ ಇದೆ. ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದವರಲ್ಲಿ ಅವರೂ ಒಬ್ಬರು. ಹನ್ನೊಂದು ವರ್ಷದ ಮೇಲೆ ಅವರ ಬಾಗಿಲು ತಟ್ಟಿದೆ. ಕತೆ ಕೇಳಿ ಒಳಗೆ ಕರೆದು ಕೂರಿಸಿದರು. 4473 ಮಾರಾಟವಾದದ್ದು ಬೆಂಗಳೂರು ದಂಡಿನ ಒಬ್ಬ ಮೇಜರಿಗೆ. ನಿಮ್ಮ ತಂದೆ ಹೇಳಿದ್ದು ಅಕ್ಷರಕ್ಕಕ್ಷರ ನಿಜ. ಕುದುರೆಗಾಗಿ ಕಾರು ಕೊಡುವವರನ್ನು ಕಂಡಿಲ್ಲ ಅಂತ ಬರೆದಿದ್ದೆ. ಆ ಮಾತು ವಾಪಸು ತೆಗೆದುಕೊಂಡೆ, ತಪ್ಪಾಯಿತು.

ಕೊಯಮತ್ತೂರಿನವರು ಕಾರು ಬೇಕೇ ಬೇಕು ಅನ್ನುತ್ತಾರೆ. ಬಿಲ್ಲೆಯೂ ಬಂದರೆ ಸಂತೋಷ, ಬರದಿದ್ದರೂ ಆಯಿತು ಅಂದಿದ್ದಾರೆ. ಕ್ಯಾತಮ್ಮನವರನ್ನು ಬಲವಂತ ಮಾಡಬೇಡಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಸದ್ಯಕ್ಕೆ ನಾನು ಆ ಕಡೆ ಸುಳಿಯುವುದಿಲ್ಲ ಅಂತಲೂ ತಿಳಿಸಿ.

ನಾಗಲಿಂಗಯ್ಯ


ಪಾವಗಡ
10-12-1979

ನಾಗಲಿಂಗಯ್ಯನವರಿಗೆ ನಮಸ್ಕಾರ.

ತಂತಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ತಂತಿ ಎಂದರೆ ಸಾವೇ ಎಂದು ಹೆಡ್ ಮಿಸ್ಟ್ರೆಸ್ ನೀರಿನ ಲೋಟ ಹಿಡಿದು ತಂದರು. ಓದಿ ನಾನು ಅತ್ತದ್ದನ್ನು ನೋಡಿ ಅವರೂ ಅತ್ತರು. ಏನೆಂದು ಆಮೇಲೆ ತಿಳಿದು ನನ್ನ ಮೇಲೆ ಸಿಟ್ಟಾದರು. ಆ ಮಧ್ಯಾಹ್ನ ಮನೆಗೆ ಹೋಗಿ ಶೆಡ್ಡಿನಲ್ಲಿ ಎಡಗಡೆ ಸೀಟಿನ ಮೇಲೆ ತುಂಬ ಹೊತ್ತು ಕೂತೆ. ಕರಿ ಕೋಳಿ ಎದ್ದು ಜಾಗ ಕೊಟ್ಟಿತು.

ವರ್ಗವಾಗಿ ನಿಮ್ಮ ಪಾವಗಡಕ್ಕೆ ಬಂದಿದ್ದೇನೆ. ಮಕ್ಕಳು ಲೆಕ್ಕವನ್ನು ತೆಲುಗಿನಲ್ಲಿ ಮಾಡಿ ಉತ್ತರವನ್ನು ಕನ್ನಡದಲ್ಲಿ ಹೇಳುತ್ತಾರೆ. ನಿಮ್ಮ ಏಳು ತಪ್ಪುಗಳು ಎಲ್ಲಿಂದ ಬಂದವೆಂದು ಈಗ ತಿಳಿಯಿತು. ಕಾರು ಇನ್ನೂ ಮಧುಗಿರಿಯ ಶೆಡ್ಡಿನಲ್ಲೇ ಇದೆ, ಮಾಲೀಕರು ಜನವರಿ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.

ಕ್ಯಾತಮ್ಮನನ್ನು ಬಲವಂತ ಮಾಡಲಿಲ್ಲ. ಒಳ್ಳೆಯ ಸುದ್ದಿ ಹೇಳಲು ಹೋದೆ. ಅವಳೇ ಕೇಳಿದಳು, ಕಾರು ಕೊಳ್ಳುವವರಿಗೆ ಇದು ಬೇಕಾ ಎಂದು. ಬೇಕು ಎಂದೆ. “ಕಾರಿಂದು ಕಾರಿಗೇ ಹೋಗ್ಲಿ ಬುಡು. ಆದ್ರೆ ರೊಪ್ಪದ ಬಾಗ್ಲು ಬರ್ದಾಗಬಾರ್ದು. ಅದೇ ಕಾರಿನ ಮೈಯಾಗಿಂದ ಇನ್ನೊಂದು ಬಿಚ್ಕೊಡು. ಡಾಕ್ಟ್ರು ಬಿಚ್ಚಿದಂಗೆ ನೀನೇ ನಿನ್ನ ಕೈಯಾಗೆ ಬಿಚ್ಬೇಕು, ಆಟೇಯ” ಎಂದಳು. ಅದೇ ಅಳತೆಯದು ಆಗಬೇಕಂತೆ. ಬಾಗಿಲ ಮೇಲೆ ಹದಿನೆಂಟು ವರ್ಷದ ಗುರುತು ಕೂತಿದೆ.

ಕಾರಿನಲ್ಲಿ ಅಂಥದು ಇನ್ನೊಂದಿಲ್ಲ. ಏನು ಮಾಡುವುದು ತಿಳಿಸಿ.

ಸರ್ವಮಂಗಳಾ


ಮುಂಬಯಿ
27-12-1979

ಅಮ್ಮಾ,

ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಒಂದು ಎಂಟು ಮೂಲೆಯ ಬಿಲ್ಲೆ ಬರುತ್ತಿದೆ. ನಂಬರು 4473. ಅಳತೆ ನೀವು ಕಳಿಸಿದ ಕಾಗದದ್ದೇ. ನಾನೇ ಕೊರೆದದ್ದು.

ಹನ್ನೊಂದು ವರ್ಷದ ಮೇಲೆ ಅದೇ ಉಳಿ, ಅದೇ ಸುತ್ತಿಗೆ. ಮೊದಲನೇ ದಿನ ಉಳಿ ಜಾರಿ ಒಂದು ತುಂಡು ಕೆಟ್ಟಿತು. ಈ ವಿಷಯ ವ್ಯಾಪಾರದವರ ಕಿವಿಗೆ ಬಿದ್ದರೆ ನಾಗಲಿಂಗಯ್ಯ ಮತ್ತೆ ಶುರು ಮಾಡಿದ ಅನ್ನುತ್ತಾರೆ. ಅದಕ್ಕೇ ಹಿಂಬದಿಯಲ್ಲಿ ‘ನಕಲು’ ಅಂತ ದೊಡ್ಡದಾಗಿ ಕೊರೆದು ನನ್ನ ಹೆಸರು, ತಾರೀಖು ಹಾಕಿದ್ದೇನೆ. ಕುರಿಗಳಿಗೆ ಓದಲು ಬರುವುದಿಲ್ಲ, ಪರವಾಗಿಲ್ಲ. ನನಗೆ ಬರುತ್ತದೆ.

ಇದನ್ನು ಕಾರಿಗೆ ಕೂರಿಸಿ ಒಂದೇ ದಿನ ಇಟ್ಟು ಬಿಚ್ಚಿರಿ. ಎರಡನೇ ದಿನ ಬೇಡ, ನನಗೆ ನಿದ್ದೆ ಬರುವುದಿಲ್ಲ. ಜನವರಿ 18ಕ್ಕೆ ಕೊಯಮತ್ತೂರಿನವರ ಮೆಕ್ಯಾನಿಕ್ ಹೊಸ ಟೈರು ತೆಗೆದುಕೊಂಡು ಮಧುಗಿರಿಗೆ ಬರುತ್ತಾರೆ.

ನಾಗಲಿಂಗಯ್ಯ


ಪಾವಗಡ
22-1-1980

ನಾಗಲಿಂಗಯ್ಯನವರಿಗೆ,

ಕಾರು ಹೋಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಲು ಆಗುವುದಿಲ್ಲ.

ಮೆಕ್ಯಾನಿಕ್ ಎರಡು ದಿನ ಅದರ ಕೆಳಗೆ ಮಲಗಿದ್ದ. ಇಪ್ಪತ್ತನೇ ತಾರೀಖು ಬೆಳಿಗ್ಗೆ ಎಂಜಿನ್ ಕೆಮ್ಮಿ, ಉಗಿದು, ಅಪ್ಪನ ಕಾಲದ ಅದೇ ದನಿಯಲ್ಲಿ ಮಾತಾಡಿತು. ನಿಮ್ಮ ಬಿಲ್ಲೆ ಹಿಂದಿನ ದಿನವೇ ಕಾರಿನ ಮೈಮೇಲೆ ಕೂತಿತ್ತು. ಹಾಗೇ ತಾವರೆಕೆರೆಗೆ ಹೊರಟೆವು. ನಾನು ಎಡಗಡೆ ಸೀಟಿನಲ್ಲಿ. ದಾರಿಯಲ್ಲಿ ಇಬ್ಬರು ಮುದುಕರು ಎದ್ದು ನಿಂತು ಕೈ ಮುಗಿದರು, ಕಾರಿಗೋ ಅಪ್ಪನಿಗೋ.

ರೊಪ್ಪದ ಮುಂದೆ ಇಡೀ ಹಟ್ಟಿ ಸೇರಿತ್ತು. ಸಿರಾದಿಂದ ಹೊಸ ದನದ ಡಾಕ್ಟರು ಲಸಿಕೆ ತಂದಿದ್ದರು. ಇಡೀ ತಾಲ್ಲೂಕಿನಲ್ಲಿ ತಾವು ವಾದ ಮಾಡದೆ ಸೂಜಿ ಹಾಕುವ ಹಟ್ಟಿ ಇದೊಂದೇ, ಯಾಕೆಂದು ತಮಗೆ ಗೊತ್ತಿಲ್ಲ ಎಂದರು. ನಾನು ಬಾನೆಟ್ ಎತ್ತಿ ಅಪ್ಪನ ತಿರುಪುಳಿಯಿಂದ ಬಿಲ್ಲೆ ಬಿಚ್ಚಿದೆ. ಕೊಡಲು ಹೋದವಳಿಗೆ ಹಿಂಬದಿಯ ‘ನಕಲು’ ಬೆರಳಿಗೆ ತಾಗಿತು. ಅಪ್ಪನ ಒಂದು ಸುಳ್ಳು ಸಾಕು, ನನ್ನದೂ ಸೇರುವುದು ಬೇಡ ಎನಿಸಿತು.

ಎಲ್ಲ ಹೇಳಿಬಿಟ್ಟೆ. ಇದು ಮುಂಬಯಿಯಲ್ಲಿ ಮೊನ್ನೆ ಮಾಡಿಸಿದ ನಕಲು ಎಂದೆ. ಹಳೆಯದೂ ಯಂತ್ರವಲ್ಲ, ಎಂಜಿನ್ನಿನ ನಂಬರು ಬರೆದ ತಗಡು, ಅಪ್ಪ ನಿಮಗೆ ಸುಳ್ಳು ಹೇಳಿದರು, ಕುರಿ ಉಳಿದದ್ದು ಸೂಜಿಯಿಂದ ಎಂದೆ. ಹೇಳುವಾಗ ನನ್ನ ಮುಖವೂ ಕೆಂಪಾಗಿದ್ದಿರಬೇಕು.

ಕ್ಯಾತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯೋ ನನ್ ಮಗಳೇ, ನಮ್ಗೇನು ಕಣ್ಣಿರ್ಲಿಲ್ವಾ? ನಮ್ಮ ಕಣ್ಮುಂದೇನೇ ಕಾರ್ನಾಗಿಂದ ಬಿಚ್ಚಿದ್ರಲ್ಲ. ಕಾರಿನ ತಗಡು ಅಂತ ಅವತ್ತೇ ಗೊತ್ತಿತ್ತು ಕಣಮ್ಮ. ಆ ಕಾರು ಅಂದ್ರೆ ಅವ್ರಿಗೆ ಜೀವ. ಧೂಳು ಕೂತ್ರೆ ಹೆಗಲ ಮ್ಯಾಗಿನ ವಸ್ತ್ರದಾಗೆ ಒರಸೋರು. ಅಂತಾ ಕಾರಿನ ಮೈಯಾಗಿಂದ ಕಿತ್ತು ನಮ್ಮ ಕುರೀಗೆ ಕೊಟ್ರಲ್ಲ. ಈವಯ್ಯ ನಮ್ಗೆ ಕೆಟ್ಟದ್ದು ಮಾಡಾಕಿಲ್ಲ ಅಂತ ನನ್ ಗಂಡ ಅವಾಗ ನಂಬಿದ್ದು. ತಗಡನ್ನಲ್ಲ.”

ನಾಗಲಿಂಗಯ್ಯನವರೇ, ನನ್ನ ತಂದೆ ತಾವು ಈ ಜನಕ್ಕೆ ಮೋಸ ಮಾಡಿದೆವೆಂದು ಸಾಯುವವರೆಗೆ ನಾಚಿಕೊಂಡಿದ್ದರು. ನಾನು ಅವರು ಕದ್ದಿದ್ದಾರೆಂದು ನಾಚಿಕೊಂಡಿದ್ದೆ. ಒಂದೇ ಕಾರಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಸುಮ್ಮನೆ ಅಷ್ಟು ವರ್ಷ ಕಳೆದೆವು. ಇಬ್ಬರ ಭಾರವನ್ನೂ ಈ ಮುದುಕಿ ಒಂದು ನಗುವಿನಲ್ಲಿ ಇಳಿಸಿದಳು. ನಿಮ್ಮ ಪಾವಗಡದವಳಾದ ಮೇಲೆ ನಾನೂ ಅನ್ನಬಹುದಲ್ಲವೇ? ಅಮ್ಮಯ್ಯ.

ಹುಚ್ಚಣ್ಣ ಹಳೆಯದನ್ನು ಬಿಡಿಸಿ ನನ್ನ ಕೈಗೆ ಕೊಟ್ಟು, ನಿಮ್ಮ ಬಿಲ್ಲೆಯನ್ನು ಬಾಗಿಲಿಗೆ ಹೊಡೆದ. ಹಳೆಯ ಗುರುತಿನ ಮೇಲೆ ಸರಿಯಾಗಿ ಕೂತಿತು. ಆಮೇಲೆ ಅದರಡಿ ಕುರಿಗಳು ಹಾಯತೊಡಗಿದವು, ಒಂದೊಂದಕ್ಕೂ ಸೂಜಿ ಬಿತ್ತು. ನಾನು ಐನೂರ ಮೂವತ್ತಾರರವರೆಗೆ ಎಣಿಸಿದೆ. ನಿಮ್ಮ ಕೈ ಕೊರೆದ ನಕಲಿನ ಕೆಳಗೆ ಅಷ್ಟು ಜೀವ ಹಾದು ಹೋದವು, ಇನ್ನು ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿ. ಕ್ಯಾತಮ್ಮ ನೀವು ಬರಬಹುದು ಎಂದಿದ್ದಾಳೆ. ಒಂದು ಕಂಬಳಿಯನ್ನೂ ನಿಮಗಾಗಿ ಎತ್ತಿಟ್ಟಿದ್ದಾಳೆ.

ನಿಜವಾದ ಬಿಲ್ಲೆ ಅದರ ಜಾಗಕ್ಕೆ ಹೋಯಿತು. ತೂತಿನ ಮೇಣವನ್ನು ಹಿಂದಿನ ದಿನವೇ ನಾನು ಹೇರ್‌ಪಿನ್ನಿನಿಂದ ತೆಗೆದಿದ್ದೆ. ಬಿಲ್ಲೆಯ ಮೂಲೆಗಳಲ್ಲಿ ಹಳೆಯ ಕುಂಕುಮ ಇನ್ನೂ ಸ್ವಲ್ಪ ಅಂಟಿಕೊಂಡಿದೆ. ಒರೆಸಬಾರದೆಂದು ಕೊಯಮತ್ತೂರಿನವರಿಗೆ ದಯವಿಟ್ಟು ಹೇಳಿ.

ನಿಮ್ಮ,
ಸರ್ವಮಂಗಳಾ